ಒಂದೇ ಕಡೆ ಕಟ್ಟಿದ ಸಂಕ

ವಾಮಂಜೂರಿನ ಕೆಳಬೈಲಿನ ಲೋಕಯ್ಯನ ಸಂಕ, ಅಂದರೆ ತೋಡು ದಾಟುವ ಕಾಲುಸೇತುವೆ, ಹತ್ತೊಂಬತ್ತು ಮಳೆಗಾಲ ಕಂಡಿದೆ, ಒಂದು ಸಲವೂ ಹೋಗಿಲ್ಲ. ಇದು ಲೋಕಯ್ಯನ ಲೆಕ್ಕ. ಊರವರನ್ನು ಕೇಳಿದರೆ ಅದು ಪ್ರತಿ ವರ್ಷವೂ ಹೋಗಿದೆ, ಕೆಲವು ವರ್ಷ ಮೂರು ಮೂರು ಸಲ ಹೋಗಿದೆ. ಇಬ್ಬರು ಹೇಳುವುದೂ ನಿಜವೇ. ಹೋದ ಸಂಕವನ್ನು ಪ್ರತಿ ಸಲವೂ ಲೋಕಯ್ಯ ವಾಪಸು ತಂದು ಅದರ ಜಾಗದಲ್ಲಿ ಇಟ್ಟಿದ್ದಾನೆ. ವಾಪಸು ಬಂದದ್ದನ್ನು ಹೋಯಿತು ಎನ್ನುವುದು ಯಾವ ನ್ಯಾಯ ಎಂದು ಅವನು ಕೇಳುತ್ತಾನೆ. "ನಮ್ಮ ದನ ಬೆಳಿಗ್ಗೆ ಗುಡ್ಡೆಗೆ ಹೋಗಿ ಸಂಜೆ ಹಟ್ಟಿಗೆ ಬರ್ತದೆ. ದನ ಹೋಯ್ತು ಅಂತ ಯಾರಾದ್ರೂ ಅಳ್ತಾರಾ?" ಈ ವಾದಕ್ಕೆ ಉತ್ತರ ಹುಡುಕುತ್ತಾ ನಿಂತವರಿಗೆಲ್ಲ ಬಸ್ಸು ತಪ್ಪಿದೆ.

ಸಂಕವೇನೂ ದೊಡ್ಡದಲ್ಲ. ಉದ್ದ ಇಪ್ಪತ್ತಾರು ಅಡಿ, ಅಗಲ ಎರಡೂವರೆ ಅಡಿ, ಮೇಲೆ ಹಲಗೆ, ಕೆಳಗೆ ಆರು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಈಚೆ ತಲೆಯನ್ನು ಲೋಕಯ್ಯನ ಅಂಗಳದ ಹಲಸಿನ ಮರಕ್ಕೆ ದಪ್ಪ ಹಗ್ಗದಿಂದ ಕಟ್ಟಿದೆ. ಆಚೆ ತಲೆಯನ್ನು ಯಾವುದಕ್ಕೂ ಕಟ್ಟಿಲ್ಲ. ಅದು ಎದುರು ಮನೆಯ ಸುಲೈಮಾನನ ಕಡೆಯ ಕೆಂಪುಕಲ್ಲಿನ ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಹೊಸ ನೆಂಟರು ಕುರ್ಚಿಯ ತುದಿಯಲ್ಲಿ ಕೂತ ಹಾಗೆ. ನಡುವೆ ಹರಿಯುವ ತೋಡಿಗೆ ಬೇಸಿಗೆಯಲ್ಲಿ ಕೋಳಿಯೂ ಹೆದರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಅದು ಗುರುಪುರ ಹೊಳೆಗೆ ತಾನೇ ದೊಡ್ಡಪ್ಪ ಎಂಬಂತೆ ಓಡುತ್ತದೆ. ಸುಲೈಮಾನನ ಮನೆಯ ಆಚೆಗೆ ರಸ್ತೆ, ರಸ್ತೆಯಲ್ಲಿ ಬಸ್ಸು. ಸಂಕ ಇಲ್ಲದಿದ್ದರೆ ಲೋಕಯ್ಯನ ಮನೆಯವರು ಮೇಲಿನ ಮೋರಿ ದಾಟಿ ಎರಡು ಕಿಲೋಮೀಟರು ಸುತ್ತಬೇಕು.

ಒಂದೇ ಕಡೆ ಕಟ್ಟಿದ್ದು ಮರೆವಿನಿಂದಲ್ಲ, ಹಗ್ಗ ಸಾಲದೆಯೂ ಅಲ್ಲ. ಲೋಕಯ್ಯ ಮೂವತ್ತೊಂದು ವರ್ಷ ಹಳೇ ಬಂದರಿನಲ್ಲಿ ದುಡಿದವನು. ಲಕ್ಷದ್ವೀಪಕ್ಕೆ ಅಕ್ಕಿ, ಈರುಳ್ಳಿ, ಸಿಮೆಂಟು ಹೊತ್ತು ಹೋಗುವ ಮಂಜಿಗಳನ್ನು, ಅಂದರೆ ಮರದ ದೊಡ್ಡ ಸರಕು ದೋಣಿಗಳನ್ನು, ದಕ್ಕೆಗೆ ಕಟ್ಟುವುದು ಮತ್ತು ಬಿಚ್ಚುವುದು ಅವನ ಕೆಲಸವಾಗಿತ್ತು. ನೀರಿನ ಮೇಲಿರುವ ವಸ್ತುವನ್ನು ಎರಡೂ ಕಡೆ ಬಿಗಿದು ಕಟ್ಟಿದರೆ ಒಂದೋ ಹಗ್ಗ ಹರಿಯುತ್ತದೆ, ಇಲ್ಲವೇ ದೋಣಿ ಒಡೆಯುತ್ತದೆ ಎಂದು ಅವನಿಗೆ ಮೊದಲ ವರ್ಷವೇ ಮಂಜಿ ನಡೆಸುವ ಒಬ್ಬ ತಂಡೇಲ ಬೈದು ಕಲಿಸಿದ್ದ. ಬಂದರಿನ ಕೆಲಸ ಬಿಟ್ಟ ವರ್ಷ ಒಂದು ಮುದಿ ಮಂಜಿಯನ್ನು ಒಡೆದು ಮಾರುತ್ತಿದ್ದಾಗ ಅದರ ಹಲಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಈ ಸಂಕ ಮಾಡಿದ. ನೀರು ಏರಿ ಹಲಗೆಯ ಮಟ್ಟಕ್ಕೆ ಬಂದಾಗ ಡ್ರಮ್ಮುಗಳು ಸಂಕವನ್ನು ಎತ್ತುತ್ತವೆ. ಆಚೆ ತಲೆ ಗೋಡೆ ಬಿಟ್ಟು ಏಳುತ್ತದೆ. ಸಂಕ ಬಾಗಿಲಿನ ಹಾಗೆ ತಿರುಗಿ ಬಂದು ಲೋಕಯ್ಯನ ದಡಕ್ಕೆ ಒರಗಿ ಮಲಗುತ್ತದೆ. ನೆರೆ ತನ್ನ ಪಾಡಿಗೆ ಹೋಗುತ್ತದೆ.

"ನೀರಿನ ಹತ್ರ ಜಗಳ ಮಾಡ್ಬಾರ್ದು. ದಾರಿ ಬಿಟ್ಟು ಬದಿಗೆ ನಿಲ್ಬೇಕು," ಎಂದು ಅವನು ದಾಟಿ ಹೋಗುವವರಿಗೆಲ್ಲ ಉಪದೇಶ ಮಾಡುತ್ತಿದ್ದ. ನೀರನ್ನು ಬಿಟ್ಟು ಉಳಿದ ಎಲ್ಲರ ಹತ್ತಿರವೂ ಅವನು ಜಗಳ ಮಾಡುತ್ತಿದ್ದುದರಿಂದ ಈ ಮಾತಿಗೆ ಬೈಲಿನಲ್ಲಿ ಅಷ್ಟು ಬೆಲೆ ಇರಲಿಲ್ಲ.

ಅದರಲ್ಲೂ ಗಂಟಿನ ವಿಷಯಕ್ಕೆ ಅವನ ಹತ್ತಿರ ಹೋಗುವಂತಿಲ್ಲ. ಬಟ್ಟೆ ಒಣಗಿಸುವ ಹಗ್ಗಕ್ಕೆ ಬಾಗಿ ಎಂಬ ಹೆಸರಿನ ಅವನ ಹೆಂಡತಿ ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ನೆಂಟರ ಮನೆಗೆ ಹೋದರೆ ಅವರ ತೊಟ್ಟಿಲಿನ ಗಂಟು ನೋಡಿ ತಲೆ ಅಲ್ಲಾಡಿಸುತ್ತಿದ್ದ. ಅವರ ಚಪ್ಪರದ ಗಂಟು ನೋಡಿ ಊಟ ಮುಗಿಯುವ ಮೊದಲೇ ಎದ್ದು ಬಂದದ್ದೂ ಉಂಟು.

ಸುಲೈಮಾನ ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಪೇಟೆಯಲ್ಲಿ ಗುಜರಿ ಅಂಗಡಿ, ಮನೆಯಲ್ಲಿ ಹೆಂಡತಿ ಸೌದಾ, ಅಂಗಡಿ ನೋಡಿಕೊಳ್ಳುವ ಮಗ ಅಫ್ರೋಝ್. ಬೆಳಿಗ್ಗೆ ಏಳಕ್ಕೆ ಲೋಕಯ್ಯ ಸಂಕ ದಾಟಿ ಹೋಗಿ ಸುಲೈಮಾನನ ಜಗಲಿಯಲ್ಲಿ ಚಹಾ ಕುಡಿಯಬೇಕು. ಸಂಜೆ ಐದಕ್ಕೆ ಸುಲೈಮಾನ ಸಂಕ ದಾಟಿ ಬಂದು ಲೋಕಯ್ಯನ ಅಂಗಳದಲ್ಲಿ ಕೂತು ಅದೇ ಮಾತುಗಳನ್ನು ಎರಡನೆಯ ಸಲ ಕೇಳಬೇಕು. ಇದು ಹತ್ತೊಂಬತ್ತು ವರ್ಷದ ಪದ್ಧತಿ.

ಸಂಕ ದಡಕ್ಕೆ ಬಂದು ಮಲಗುವುದೇನೋ ಸುಲಭ. ಎಬ್ಬಿಸಿ ವಾಪಸು ಕಳಿಸುವುದು ಕಷ್ಟ. ಲೋಕಯ್ಯನ ದಡದಲ್ಲಿ ಕಲ್ಲು ಕಟ್ಟಿಲ್ಲ. ಹಲಸಿನ ಮರದ ಬೇರು, ಮುಂಡುಗದ ಪೊದೆ, ಕೆಸರು ಎಲ್ಲ ಒಟ್ಟಿಗೆ ನೀರಿಗಿಳಿದಿವೆ. ನೀರು ಇಳಿಯುವಾಗ ಡ್ರಮ್ಮುಗಳು ಆ ಬೇರುಗಳ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಸುಲೈಮಾನ ಆಚೆಯಿಂದ ಹಗ್ಗ ಎಳೆದರೆ ಮಾತ್ರ ಸಾಲದು; ಯಾರಾದರೂ ಎದೆಮಟ್ಟದ ನೀರಿಗೆ ಇಳಿದು, ಡ್ರಮ್ಮಿಗೆ ಬೆನ್ನು ಕೊಟ್ಟು ದೂಡಬೇಕು. ಆ ಯಾರಾದರೂ ಎಂಬುವನು ಯಾವಾಗಲೂ ಲೋಕಯ್ಯನೇ. ಮಗ ರೂಪೇಶ ಕೊಡಿಯಾಲ್‌ಬೈಲಿನ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು, ಈಜು ಬಾರದು. ಸುಲೈಮಾನನಿಗೆ ಮೊಣಕಾಲಿನಿಂದ ಮೇಲಿನ ನೀರು ಕಂಡರೆ ದೇವರ ನೆನಪಾಗುತ್ತದೆ.

ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಹೀಗೆ ಇಳಿದಾಗ ಲೋಕಯ್ಯನ ಕಾಲು ಬೇರಿನ ಸಂದಿಗೆ ಸಿಕ್ಕಿತು. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಬಾಗಿ ದಡದಲ್ಲಿ ನಿಂತು ಕಿರುಚಿದಳು. ಕೊನೆಗೆ ಕಾಲು ಬಿಡಿಸಿಕೊಂಡು ಮೂವತ್ತು ಅಡಿ ಕೆಳಗೆ ಹೋಗಿ ಮೇಲೆದ್ದವನು ಮೊದಲು ಕೇಳಿದ್ದು ಸಂಕ ಕೂತಿತಾ ಎಂದು. ಜಟ್ಟಿ ಜಾರಿ ಬಿದ್ದರೂ ಮೀಸೆಗೆ ಮಣ್ಣಾಗಲಿಲ್ಲ ಎಂಬ ಹಾಗೆ ಸಂಜೆಯ ತನಕ ನಕ್ಕುಕೊಂಡೇ ಇದ್ದ. ಮರುದಿನ ಜ್ವರ, ಆಮೇಲೆ ಕೆಮ್ಮು, ಆಮೇಲೆ ನ್ಯುಮೋನಿಯಾ, ಎಂಟು ದಿನ ಆಸ್ಪತ್ರೆ. ಆ ಎಂಟು ದಿನವೂ ಸುಲೈಮಾನ ಅಂಗಡಿಯನ್ನು ಮಗನಿಗೆ ಬಿಟ್ಟು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಲೋಕಯ್ಯ ಈಗಲೂ ಅದನ್ನು "ಸ್ವಲ್ಪ ಶೀತ ಆಗಿತ್ತು" ಎಂದೇ ಹೇಳುತ್ತಾನೆ.

ಆಸ್ಪತ್ರೆಯಿಂದ ಬಂದ ದಿನ ಬಾಗಿ ಅವನನ್ನು ದೈವದ ಕೋಣೆಯ ಮುಂದೆ ನಿಲ್ಲಿಸಿದಳು. ಬೀಡಿ ಕಟ್ಟಿ ಕಟ್ಟಿ ಬೆರಳು ಬಾಗಿಸಿಕೊಂಡ ಹೆಂಗಸು, ಮಾತು ಕಡಿಮೆ, ಆದರೆ ಆಡಿದರೆ ಗಂಟು ಹಾಕಿದ ಹಾಗೆ.

"ಇನ್ನು ಮೇಲೆ ಆ ತೋಡಿಗೆ ಇಳಿಯುದಿಲ್ಲ ಅಂತ ಹೇಳಿ."

"ಹಾಗಾದ್ರೆ ಸಂಕ?"

"ಹೋದ್ರೆ ಹೋಯ್ತು. ನೀವು ಇಳಿಯುದಿಲ್ಲ. ಬೇರೆ ಯಾರನ್ನೂ ಇಳಿಸುದಿಲ್ಲ. ದೀಪ ನೋಡಿಕೊಂಡು ಹೇಳಿ."

ಲೋಕಯ್ಯ ಹೇಳಿದ. ದೈವದ ಮುಂದೆ ಕೊಟ್ಟ ಮಾತನ್ನು ತಪ್ಪುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ, ತೋಡಿಗೆ ಹೆದರದ ಲೋಕಯ್ಯನಿಗೂ ಇಲ್ಲ. ಅಂದಿನಿಂದ ಲೆಕ್ಕ ಸ್ಪಷ್ಟವಾಯಿತು. ಮುಂದಿನ ಮಳೆಗಾಲದಲ್ಲಿ ಸಂಕ ಎದ್ದು ಬಂದು ಈಚೆ ದಡದ ಬೇರುಗಳಲ್ಲಿ ಮಲಗಿತೆಂದರೆ ಅದನ್ನು ಎಬ್ಬಿಸುವವರಿಲ್ಲ. ಊರವರು ಹೇಳುವ ಅರ್ಥದಲ್ಲೇ ಅದು ಹೋದಂತೆ. ಸರಕಾರದ ಸೇತುವೆಗೆ ಪ್ರತಿ ಚುನಾವಣೆಯ ಮೊದಲು ಯಾರೋ ಬಂದು ಅಳತೆ ಹಿಡಿಯುತ್ತಾರೆ. ತೋಡಿನ ಅಗಲ ಈಗ ಎಲ್ಲರಿಗೂ ಬಾಯಿಪಾಠವಾಗಿದೆ.

ಈ ವರ್ಷ ಮಳೆ ಶುರುವಾದಾಗಿನಿಂದ ಲೋಕಯ್ಯ ಮಾತಿಗೊಂದು ಸಂದಿ ಹುಡುಕುತ್ತಿದ್ದ. ತೋಡಿಗೆ ಇಳಿಯುವುದಿಲ್ಲ ಎಂದದ್ದು ಹೌದು, ತೋಡೇ ಅಂಗಳಕ್ಕೆ ಬಂದರೆ ಅದು ಇಳಿದಂತೆ ಆಗುತ್ತದೆಯೇ ಎಂದು ಒಂದು ದಿನ ಊಟದ ಹೊತ್ತಿಗೆ ಕೇಳಿದ. ಬಾಗಿ ಅವನ ತಟ್ಟೆಗೆ ಇನ್ನೊಂದು ಸೌಟು ಗಂಜಿ ಹಾಕಿದಳು. ಒಂದು ಉದ್ದದ ಬಿದಿರು ತಂದು ದಡದಲ್ಲಿ ನಿಂತೇ ಡ್ರಮ್ಮು ದೂಡುವ ಅಭ್ಯಾಸ ಮಾಡಿದ. ಬಿದಿರು ಕೆಸರಿನಲ್ಲಿ ನಿಂತಿತು, ಲೋಕಯ್ಯ ಮುಂದೆ ಹೋದ, ರೂಪೇಶ ಲುಂಗಿ ಹಿಡಿದು ಎಳೆದದ್ದರಿಂದ ದೈವದ ಮಾತು ಉಳಿಯಿತು.

ಜೂನಿನ ಕೊನೆಯ ವಾರದಲ್ಲಿ ಸುಲೈಮಾನನ ಕಡೆಯ ಗೋಡೆಯ ಮೇಲೆ, ಸಂಕದ ತಲೆ ಕೂರುವ ಜಾಗದ ಪಕ್ಕದಲ್ಲಿ, ಒಂದು ಹಳೆಯ ತಗಡು, ಅದರ ಮೇಲೆ ಗೋಣಿ ಕಾಣಿಸಿಕೊಂಡವು.

"ಅದೆಂತ ಮಾರಾಯ?" ಎಂದು ಲೋಕಯ್ಯ ಕೇಳಿದ.

"ಕಡಜದ ಗೂಡು ಲೋಕಯ್ಯಣ್ಣ. ಕೈ ಹಾಕ್ಬೇಡಿ."

"ಮಳೆಗಾಲದಲ್ಲಿ ಕಡಜವಾ?"

"ಅವಕ್ಕೆ ಎಂತ ಗೊತ್ತುಂಟು ಮಳೆಗಾಲ," ಎಂದು ಸುಲೈಮಾನ ಚಹಾ ಲೋಟ ತೊಳೆಯಲು ಎದ್ದ. ಅವನು ತಾನೇ ಲೋಟ ತೊಳೆಯುವುದನ್ನು ಲೋಕಯ್ಯ ಅಂದು ಮೊದಲ ಸಲ ನೋಡಿದ್ದು. ಆದರೂ ಸಂಶಯ ಬರಲಿಲ್ಲ. ಹಗ್ಗ, ಗಂಟು, ನೀರು ಮೂರನ್ನು ಬಿಟ್ಟರೆ ಬೇರೆ ಯಾವುದರ ಬಗ್ಗೆಯೂ ಸಂಶಯ ಪಡುವ ಅಭ್ಯಾಸ ಅವನಿಗಿರಲಿಲ್ಲ.

ಜುಲೈ ಎರಡನೆಯ ಭಾನುವಾರ ಬೆಳಿಗ್ಗೆ ನೆರೆ ಬಂತು. ಶನಿವಾರವೇ ಸುರಿಯಲು ಹಿಡಿದ ಮಳೆ ನಿಂತಿರಲಿಲ್ಲ. ಮೇಲಿನ ಗುಡ್ಡವನ್ನು ಸೈಟು ಮಾಡಲು ಕೊರೆದ ಮೇಲೆ ನೀರು ಮೊದಲಿನ ಹಾಗೆ ಹೇಳಿ ಕೇಳಿ ಬರುವುದಿಲ್ಲ. ಒಂದು ಗಂಟೆಯಲ್ಲಿ ತೋಡು ಕೆಂಪಾಗಿ ಉಕ್ಕಿತು. ಲೋಕಯ್ಯ ಹಲಸಿನ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತ. ನೀರು ಹಲಗೆ ಮುಟ್ಟಿತು. ಡ್ರಮ್ಮುಗಳು ಎದ್ದವು. ಇದೇ ಕೊನೆಯ ಸಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಕಣ್ಣು ತೇವವಾಯಿತು, ಅದಕ್ಕೆ ಮಳೆಯ ಮೇಲೆ ದೂರು ಹಾಕಿದ.

ಆದರೆ ಸಂಕ ತಿರುಗಲಿಲ್ಲ.

ಲೋಕಯ್ಯ ಕಣ್ಣು ಒರೆಸಿಕೊಂಡು ನೋಡಿದ. ಆಚೆ ತಲೆ ಎದ್ದಿದೆ, ಆದರೆ ಗೋಡೆ ಬಿಟ್ಟಿಲ್ಲ. ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಸಂಕ ನಡುಗುತ್ತಿದೆ, ಮೇಲಿಂದ ನೀರು ಹಾರುತ್ತಿದೆ, ಆದರೆ ನಿಂತಿದೆ.

"ರೂಪೇಶಾ! ಮೊಬೈಲು ತಾ! ಬಾಗೀ, ಬಂದು ನೋಡು, ನಿಂತಿದೆ!"

ರೂಪೇಶ ಓಡಿ ಬಂದು ವಿಡಿಯೋ ಮಾಡಿದ. ಲೋಕಯ್ಯ ಕೊಡೆ ಮಡಚಿ, ತಲೆಗೂದಲು ನೀವಿಕೊಂಡು, ಸಂಕದ ಪಕ್ಕದಲ್ಲಿ ನಿಂತು ಭಾಷಣ ಶುರು ಮಾಡಿದ. ಹಲಗೆ ಯಾವ ಮರದ್ದು, ಯಾವ ಮಂಜಿಯದ್ದು, ಈಗಿನ ಇಂಜಿನಿಯರುಗಳಿಗೆ ಏನು ಗೊತ್ತಿಲ್ಲ, ಎಲ್ಲ ಬಂತು. ನೀರಿನ ಹತ್ತಿರ ಜಗಳ ಮಾಡಬಾರದು ಎಂಬ ಹಳೆಯ ಮಾತು ಮಾತ್ರ ಅಂದು ಬರಲಿಲ್ಲ. ಮೂವತ್ತೊಂದು ವರ್ಷ ದಕ್ಕೆಯಲ್ಲಿ ದುಡಿದ ಅವನ ಎಲುಬುಗಳು ಇದು ಸರಿಯಲ್ಲ, ಈ ಹೊತ್ತಿಗೆ ಇದು ತಿರುಗಬೇಕಿತ್ತು ಎಂದು ಹೇಳುತ್ತಲೇ ಇದ್ದವು. ಅವನು ಎಲುಬಿನ ಮಾತು ಕೇಳಲಿಲ್ಲ. ಬೇಕಾದದ್ದು ಸಿಕ್ಕಿದಾಗ ಅದು ಹೇಗೆ ಸಿಕ್ಕಿತೆಂದು ವಿಚಾರಿಸುವವರು ಎಷ್ಟು ಮಂದಿ ಇದ್ದಾರೆ?

ಆಚೆ ದಡದಲ್ಲಿ ಸುಲೈಮಾನ ಕಾಣಿಸಿಕೊಂಡ. ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದ. ನೀರಿನ ಸದ್ದಿಗೆ ಮಾತು ಕೇಳುವಂತಿರಲಿಲ್ಲ.

"ನೋಡು, ಸುಲೈಮಾನನಿಗೂ ಎಷ್ಟು ಸಂತೋಷ ಆಗಿದೆ," ಎಂದು ಲೋಕಯ್ಯ ತಾನೂ ಎರಡು ಕೈಗಳನ್ನೆತ್ತಿ ಬೀಸಿದ. ಸುಲೈಮಾನ ತಲೆ ಮೇಲೆ ಕೈ ಹೊತ್ತುಕೊಂಡ. ಲೋಕಯ್ಯ ಚಪ್ಪಾಳೆ ತಟ್ಟಿದ.

ಬಾಗಿ ಮಾತ್ರ ಸಂಕವನ್ನು ನೋಡುತ್ತಿರಲಿಲ್ಲ. "ಆ ಕಸ ನೋಡಿ," ಎಂದಳು.

ಸಂಕದ ಮೇಲ್ಬದಿಯಲ್ಲಿ ಬಾಳೆಗಿಡ, ತೆಂಗಿನ ಮಡಲು, ಬಾಟಲಿ, ಥರ್ಮಾಕೋಲು, ಬುಡ ಸಮೇತ ಬಂದ ಒಂದು ಗೇರುಮರ ಎಲ್ಲ ಬಂದು ಆತುಕೊಂಡಿದ್ದವು. ಡ್ರಮ್ಮುಗಳ ಸಂದಿ ಮುಚ್ಚಿಹೋಗಿತ್ತು. ನೀರು ಹೋಗಲು ದಾರಿಯಿಲ್ಲದೆ ಏರುತ್ತಿತ್ತು. ಲೋಕಯ್ಯನ ಮನೆ ಎತ್ತರದಲ್ಲಿದೆ, ಅದಕ್ಕೇನೂ ಆಗದು. ತಗ್ಗಿನಲ್ಲಿರುವುದು ಸುಲೈಮಾನನ ಮನೆ. ಲೋಕಯ್ಯನ ಬೀಸುವ ಕೈ ಕೆಳಗಿಳಿಯಿತು. ಹತ್ತೊಂಬತ್ತು ವರ್ಷ ನೀರಿಗೆ ದಾರಿ ಬಿಟ್ಟ ಸಂಕ ಇವತ್ತು ತೋಡಿಗೆ ಅಡ್ಡ ಕಟ್ಟಿದ ಒಡ್ಡಿನ ಹಾಗೆ ನಿಂತಿತ್ತು, ಮತ್ತು ಅವನು ಅದರ ಪಕ್ಕದಲ್ಲಿ ನಿಂತು ಭಾಷಣ ಮಾಡಿದ್ದ.

ಅಷ್ಟರಲ್ಲಿ ರೂಪೇಶನ ಮೊಬೈಲಿಗೆ ಅಫ್ರೋಝನ ಫೋನು ಬಂತು. ರೂಪೇಶ ಸ್ಪೀಕರಿಗೆ ಹಾಕಿದ.

"ಮಾಮ, ಮನೆಯೊಳಗೆ ನೀರು ಬಂತು. ಉಮ್ಮನ ಮಂಚದ ಕಾಲಿನ ತನಕ ಉಂಟು, ಅವರಿಗೆ ಮೊಣಗಂಟಿನ ಆಪರೇಷನ್ ಆಗಿ ಹದಿನೈದು ದಿನ ಆದದ್ದಷ್ಟೆ, ಎತ್ತಿಕೊಂಡು ಹೋಗ್ಲಿಕ್ಕೆ ರಸ್ತೆಯಲ್ಲಿಯೂ ನೀರು. ಸಂಕ ಬಿಡಿಸಿ ಮಾಮ."

"ನಾನೆಲ್ಲಿ ಹಿಡಿದದ್ದು? ಆಚೆ ಕಡೆ ಅದು ಯಾಕೆ ಬಿಡುದಿಲ್ಲ?"

ಸುಲೈಮಾನ ಮಗನ ಕೈಯಿಂದ ಫೋನು ತೆಗೆದುಕೊಂಡ.

"ಲೋಕಯ್ಯಣ್ಣ, ಅದು ಕಡಜದ ಗೂಡಲ್ಲ."

"ಮತ್ತೆಂತ?"

"ಚೈನು. ನಮ್ಮ ಗುಜರಿಗೆ ಬಂದದ್ದು, ಟ್ರಾಲ್ ಬೋಟಿನ ಚೈನು. ಗೋಡೆಗೆ ಕೊಕ್ಕೆ ಹಾಕಿ ಬೀಗ ಜಡಿದಿದ್ದೇನೆ. ಸಂಕ ಏಳದಿದ್ರೆ ನೀವು ನೀರಿಗೆ ಇಳಿಯುದು ಬೇಡ ಅಲ್ವಾ ಅಂತ. ಈಗ ಬೀಗ ನೀರಿನ ಅಡಿಯಲ್ಲುಂಟು. ಕೈಗೆ ಸಿಕ್ತಾ ಇಲ್ಲ."

ಲೋಕಯ್ಯನಿಗೆ ಬಂದ ಸಿಟ್ಟು ಸಣ್ಣದಲ್ಲ. ಬಾಯಿಗೆ ಬಂದ ಮಾತುಗಳಲ್ಲಿ ಬಂದರಿನ ಮೂವತ್ತೊಂದು ವರ್ಷದ ಸಂಪಾದನೆಯೂ ಇತ್ತು. ಆದರೆ ಅವನ್ನು ಆಡುವ ಹೊತ್ತು ಅದಾಗಿರಲಿಲ್ಲ. ಆಚೆ ತಲೆ ಬಿಡುವುದಿಲ್ಲ ಎಂದರೆ ಬಿಡಬೇಕಾದದ್ದು ಈಚೆ ತಲೆ. ಈಚೆ ತಲೆಯ ಗಂಟು ಅವನದೇ. ಎಷ್ಟು ಭಾರ ಬಿದ್ದರೂ ತುದಿ ಎಳೆದರೆ ಒಂದೇ ಎಳೆತಕ್ಕೆ ಬಿಚ್ಚುವ ದಕ್ಕೆಯ ಗಂಟು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಹೊಸ ಹಗ್ಗಕ್ಕೆ ಬದಲಾಯಿಸುವಾಗ ಬಿಟ್ಟರೆ ಅವನು ಒಮ್ಮೆಯೂ ಬಿಚ್ಚಿರಲಿಲ್ಲ.

ಅವನು ಮರದ ಬುಡಕ್ಕೆ ಹೋಗಿ ಗಂಟಿನ ತುದಿ ಹಿಡಿದ. ಆಚೆಯ ಚೈನು ಗುಜರಿಯದ್ದು, ಒಳಗೆ ಎಷ್ಟು ತುಕ್ಕು ತಿಂದಿದೆಯೋ. ಇಷ್ಟು ಭಾರ ಒಮ್ಮೆಲೆ ಬಿದ್ದರೆ ಅದು ತುಂಡಾಗುತ್ತದೆ, ಸಂಕ ಗುರುಪುರ ಹೊಳೆ ಸೇರುತ್ತದೆ, ಬಂದರಿನ ಮುಂದಿನಿಂದಲೇ ಹಾದು ಸಮುದ್ರಕ್ಕೆ ಹೋಗುತ್ತದೆ. ಇದೆಲ್ಲ ಒಂದು ಉಸಿರಿನಲ್ಲಿ ಅವನ ತಲೆಯಲ್ಲಿ ಹೋಯಿತು. ಅವನು ಈ ಸಂಕವನ್ನು ಪ್ರೀತಿಸುತ್ತಿದ್ದ, ಮಗನಿಗಿಂತ ಹೆಚ್ಚೆಂದು ಬಾಗಿ ಹಂಗಿಸುವಷ್ಟು ಪ್ರೀತಿಸುತ್ತಿದ್ದ.

"ಅಪ್ಪ, ಬಿಟ್ರೆ ಮತ್ತೆ ಸಿಕ್ಕುದಿಲ್ಲ," ಎಂದ ರೂಪೇಶ. ಅವನ ಸ್ವರವೂ ಸಣ್ಣದಾಗಿತ್ತು.

"ಸೌದಾ ಮಂಚದಲ್ಲಿದ್ದಾಳೆ," ಎಂದಳು ಬಾಗಿ.

"ನನಗೆ ಕಿವಿ ಕೇಳ್ತದೆ," ಎಂದು ಲೋಕಯ್ಯ ತುದಿ ಎಳೆದ.

ಗಂಟು ಬಿಚ್ಚಿತು. ಹಗ್ಗ ಮರದ ಸುತ್ತ ಸುಯ್ಯೆಂದು ಓಡಿ ನೀರಿಗೆ ಹೋಯಿತು. ಸಂಕದ ಈಚೆ ತಲೆ ದಡ ಬಿಟ್ಟು, ಬೇರುಗಳಿಗೆ ಒಮ್ಮೆ ಬಡಿದು, ಗೇರುಮರವನ್ನೂ ಬಾಳೆಗಿಡಗಳನ್ನೂ ಹೊರಗೆ ತಳ್ಳಿ, ಆಚೆಗೆ ತಿರುಗಿತು. ಕಟ್ಟಿ ನಿಂತ ನೀರು ಒಮ್ಮೆಲೆ ಕೆಳಗೆ ನುಗ್ಗಿತು. ಲೋಕಯ್ಯ ಕಣ್ಣು ಮುಚ್ಚಿಕೊಂಡ. ಬಾಗಿ ಅವನ ತೋಳು ಹಿಡಿದದ್ದು ಸಮಾಧಾನಕ್ಕೋ, ತೋಡಿಗೆ ಹಾರದಿರಲೆಂದೋ, ಅವಳೇ ಹೇಳಬೇಕು.

ಕಣ್ಣು ತೆರೆದಾಗ ಸಂಕ ಆಚೆ ದಡದಲ್ಲಿ, ಸುಲೈಮಾನನ ಕೆಂಪುಕಲ್ಲಿನ ಗೋಡೆಗೆ ಒರಗಿ ಉದ್ದಕ್ಕೆ ಮಲಗಿತ್ತು. ಗುಜರಿಯ ಚೈನು ಹಿಡಿದಿತ್ತು. ಅರ್ಧ ಗಂಟೆಯಲ್ಲಿ ಸುಲೈಮಾನನ ಮನೆಯಿಂದ ನೀರು ಇಳಿಯಿತು. ಸೌದಾ ಮಂಚದಲ್ಲಿ ಕೂತೇ ಗುಡಿಸಲು ಹೇಳುತ್ತಿದ್ದಾಳೆ, ಯಾರೂ ಸರಿಯಾಗಿ ಗುಡಿಸುತ್ತಿಲ್ಲವಂತೆ ಎಂದು ಅಫ್ರೋಝ್ ಫೋನಿನಲ್ಲಿ ಹೇಳಿದಾಗ ಬಾಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮೂರು ದಿನ ಲೋಕಯ್ಯನಿಗೆ ಇದ್ದದ್ದು ಒಂದೇ ಕೆಲಸ. ಬೆಳಿಗ್ಗೆ ಏಳಕ್ಕೆ ಅಂಗಳದ ತುದಿಗೆ ಹೋಗಿ ನಿಲ್ಲುವುದು, ಎದುರು ಗೋಡೆಗೆ ಒರಗಿದ ಸಂಕ ನೋಡುವುದು, ವಾಪಸು ಬರುವುದು. ಎದುರಿಗೆ ಸುಲೈಮಾನ ಚಹಾ ಲೋಟ ಹಿಡಿದುಕೊಂಡು ನಿಲ್ಲುತ್ತಿದ್ದ. ನೋಡಿದರೂ ನೋಡದವರ ಹಾಗೆ ಇಬ್ಬರೂ ನೀರು ನೋಡುತ್ತಿದ್ದರು. ರೂಪೇಶನ ವಿಡಿಯೋವನ್ನು ಊರಿನ ಗ್ರೂಪಿನಲ್ಲಿ ಯಾರೋ ಹಾಕಿ, ಅದಕ್ಕೆ ನಗುವ ಮುಖಗಳು ನೂರರ ಮೇಲೆ ಬಂದಿದ್ದವು. ಲೋಕಯ್ಯನಿಗೆ ಅದನ್ನು ಯಾರೂ ತೋರಿಸಲಿಲ್ಲ. ಅಷ್ಟು ದಯೆ ಕೆಳಬೈಲಿನಲ್ಲಿ ಇನ್ನೂ ಉಂಟು.

ನಾಲ್ಕನೆಯ ದಿನ ಸುಲೈಮಾನ ಮಗನ ಸ್ಕೂಟರಿನ ಹಿಂದೆ ಕೂತು ಎರಡು ಕಿಲೋಮೀಟರು ಸುತ್ತಿ ಬಂದ. ಅಂಗಳದಲ್ಲಿ ನಿಂತ, ಕೂರಲಿಲ್ಲ.

"ಬೈಯ್ಯಿರಿ ಲೋಕಯ್ಯಣ್ಣ. ಬೈದು ಮುಗಿಸಿ. ಮೂರು ದಿನದಿಂದ ಊಟ ಸೇರುದಿಲ್ಲ ನನಗೆ."

"ನನ್ನನ್ನು ಕೇಳದೆ ನನ್ನ ಸಂಕಕ್ಕೆ ಬೀಗ ಹಾಕಿದಿಯಲ್ಲ?"

"ಕೇಳಿದ್ರೆ ನೀವು ಬಿಡ್ತಿದ್ರಾ?"

"ಇಲ್ಲ."

"ಮತ್ತೆ?" ಸುಲೈಮಾನ ತೋಡಿನ ಕಡೆ ಕೈ ತೋರಿಸಿದ. "ಕಳೆದ ವರ್ಷ ನೀವು ಎರಡನೇ ಸಲ ಮುಳುಗಿದ್ದು ನಾನು ನೋಡಿದ್ದೇನೆ. ಹಗ್ಗ ನನ್ನ ಕೈಯಲ್ಲಿತ್ತು, ನನಗೆ ಇಳಿಯುವ ಧೈರ್ಯ ಬರ್ಲಿಲ್ಲ. ಎಂಟು ದಿನ ಆ ಬೆಂಚಿನಲ್ಲಿ ಕೂತು ನಾನು ಅದನ್ನೇ ನೆನೆಸಿದ್ದು. ಇನ್ನೊಂದು ಸಲ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೆ."

ಲೋಕಯ್ಯ ಬೈಯಬೇಕೆಂದು ಕೂಡಿಟ್ಟಿದ್ದ ಮಾತುಗಳು ಎಲ್ಲಿ ಹೋದವೋ. ಅವನಿಗೆ ನಾಚಿಕೆಯಾಯಿತು, ಎದೆಯೊಳಗೆ ಬೆಚ್ಚಗೂ ಆಯಿತು, ಎರಡನ್ನೂ ಮುಚ್ಚಲು ಅವನು ಎದ್ದು ಕೊಟ್ಟಿಗೆಗೆ ಹೋಗಿ ಒಂದು ಸುರುಳಿ ಹಗ್ಗ ತಂದ.

"ಇದನ್ನು ತಗೊಂಡು ಹೋಗು. ಸಂಕದ ಕೆಳಗಿನ ತಲೆಗೆ ಕಟ್ಟಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿ ಈಚೆ ಎಸಿ. ಎಳೆದು ನೋಡುವ. ಬರುದಿಲ್ಲ, ಆದ್ರೂ ನೋಡುವ."

ಅಫ್ರೋಝ್ ಎಸೆದ ಕಲ್ಲು ಲೋಕಯ್ಯನ ತಲೆಗೆ ಬೀಳದೆ ಬಾಗಿಯ ತುಳಸಿಕಟ್ಟೆಯ ಹತ್ತಿರ ಬಿತ್ತು. ಲೋಕಯ್ಯ ಮತ್ತು ರೂಪೇಶ ಹಗ್ಗ ಹಿಡಿದು ಎಳೆದರು. ಲೋಕಯ್ಯ ಕಾಲು ಗಟ್ಟಿಯಾಗಿ ಊರಿ, ಹಲ್ಲು ಕಚ್ಚಿ, ಬೇರಿಗೆ ಸಿಕ್ಕಿದ ಭಾರವನ್ನು ಎಳೆಯುವವನ ಹಾಗೆ ಹಿಂದಕ್ಕೆ ವಾಲಿದ. ಸಂಕ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಲೋಕಯ್ಯ ಹಿಂದಕ್ಕೆ ಬಿದ್ದು ಕೂತ.

ಸುಲೈಮಾನನ ಗೋಡೆಯಲ್ಲಿ ಬೇರಿಲ್ಲ, ಪೊದೆಯಿಲ್ಲ, ಕೆಸರಿಲ್ಲ. ಡ್ರಮ್ಮು ಸಿಕ್ಕಿಕೊಳ್ಳಲು ಅಲ್ಲಿ ಏನೂ ಇಲ್ಲ. ನೀರಿಗೆ ಯಾರೂ ಇಳಿಯಬೇಕಾಗಿಲ್ಲ. ಈಚೆ ದಡದಲ್ಲಿ ನಿಂತು ಎಳೆದರೆ ಸಾಕು, ಸಂಕ ತಾನಾಗಿ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಲೋಕಯ್ಯ ಕೂತಲ್ಲಿಂದ ಏಳದೆ ಇದನ್ನೆಲ್ಲ ನೋಡಿದ. ಆ ಗೋಡೆ ಸಂಕಕ್ಕಿಂತ ಹಳೆಯದು. ಅದು ಹತ್ತೊಂಬತ್ತು ವರ್ಷವೂ ಅಲ್ಲೇ ಇತ್ತು.

"ಮೊದಲೇ ಆಚೆ ಕಡೆ ಕಟ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಬಾಗಿ ಕೇಳಿದಳು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

ಉತ್ತರ ಲೋಕಯ್ಯನಿಗೆ ಗೊತ್ತಿತ್ತು. ಇನ್ನೊಬ್ಬರ ಗೋಡೆಗೆ ಕಟ್ಟಿದ ದೋಣಿ ಇನ್ನೊಬ್ಬರದ್ದು ಎಂದು ಬಂದರಿನಲ್ಲಿ ಕಲಿತವನು ಅವನು. ಸಂಕ ತನ್ನದಾಗಿ ಉಳಿಯಬೇಕೆಂದು ಅದನ್ನು ತನ್ನ ಮರಕ್ಕೆ ಕಟ್ಟಿ, ಅದಕ್ಕಾಗಿ ಪ್ರತಿ ವರ್ಷ ನೀರಿಗಿಳಿದು, ಒಮ್ಮೆ ಸಾಯುವ ತನಕ ಹೋಗಿ ಬಂದಿದ್ದ. ಅಂಗಳದ ಕೆಸರಿನಲ್ಲಿ ಕೂತು ಈ ಲೆಕ್ಕ ಹಾಕಿದಾಗ ಅವನಿಗೆ ನಗು ಬಂತು. ಮೊದಲು ಮೆಲ್ಲಗೆ, ಆಮೇಲೆ ಕೆಮ್ಮು ಬರುವಷ್ಟು ನಕ್ಕ. ರೂಪೇಶ ಗಾಬರಿಯಾಗಿ ಅಮ್ಮನ ಮುಖ ನೋಡಿದ.

ಅಂದೇ ಚೈನು ತೆಗೆಸಿದರು. ಚೈನು ಎಳೆತಕ್ಕೆ ಬಾಗುವುದಿಲ್ಲ, ಹಲಗೆಯನ್ನು ಸೀಳುತ್ತದೆ, ಅಲ್ಲಿಗೂ ಹಗ್ಗವೇ ಬೇಕು ಎಂಬುದರಲ್ಲಿ ಲೋಕಯ್ಯ ಯಾರ ಮಾತೂ ಕೇಳಲಿಲ್ಲ. ಈಚೆ ತಲೆ ಇನ್ನು ದಡದ ಮೇಲೆ ಸುಮ್ಮನೆ ಕೂರಬೇಕು. ಅಂದರೆ ಹಲಸಿನ ಮರದ ಹತ್ತಿರ ಅವನಿಗೆ ಕಟ್ಟುವುದಕ್ಕೆ ಏನೂ ಉಳಿಯಲಿಲ್ಲ. ಆಚೆಯ ಕೊಕ್ಕೆಗೆ ಹಗ್ಗ ಕಟ್ಟಲು ಸುಲೈಮಾನ ಕೂತ. ಲೋಕಯ್ಯ ಈಚೆಯಿಂದ ಕೂಗಿ ಕೂಗಿ ಕಲಿಸಿದ. ಒಳಗಿನಿಂದ ತೆಗಿ, ಸುತ್ತು ಹಾಕು, ಅಲ್ಲ ಮಾರಾಯ, ಆಚೆಯಿಂದ, ಎಡಗೈ, ನಿನ್ನ ಎಡಗೈ! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಈ ಪಾಠ ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಸುಲೈಮಾನ ಏನೋ ಒಂದು ಗಂಟು ಹಾಕಿ, ಅದರ ಮೇಲೆ ಇನ್ನೊಂದು ಹಾಕಿ, ಸಂಶಯಕ್ಕಿರಲಿ ಎಂದು ಮೂರನೆಯದನ್ನೂ ಹಾಕಿ ಎದ್ದು ನಿಂತ.

ಲೋಕಯ್ಯ ಸಂಕ ದಾಟಿ ಹೋಗಿ ಕೊಕ್ಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಗಂಟನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ದಕ್ಕೆಯಲ್ಲಿ ಯಾರಾದರೂ ಹೀಗೆ ಕಟ್ಟಿದ್ದರೆ ಅವನನ್ನು ಅದೇ ಹಗ್ಗದಲ್ಲಿ ಕಟ್ಟುತ್ತಿದ್ದರು.

"ಗಂಟು ತಪ್ಪು," ಎಂದ.

"ಗೊತ್ತುಂಟು. ಈ ಪ್ರಾಯದಲ್ಲಿ ನನಗೆ ಇಷ್ಟೇ ಬರುದು." ಸುಲೈಮಾನ ಅವನ ಲುಂಗಿಯ ಅಂಚು ನೋಡಿದ. "ನೀವು ಒದ್ದೆ ಆಗ್ಲಿಲ್ಲ ಅಲ್ವಾ?"

ಲೋಕಯ್ಯ ತನ್ನ ಲುಂಗಿಯನ್ನು ತಾನೂ ನೋಡಿಕೊಂಡ. ಹಿಂದೆ ಅಂಗಳದ ಕೆಸರಿತ್ತು, ಅಷ್ಟೇ. ಅವನು ಕೈ ಚಾಚಿ ಆ ಮೂರು ಗಂಟುಗಳನ್ನು ಒಮ್ಮೆ ಮುಟ್ಟಿದ, ಒಮ್ಮೆ ಜಗ್ಗಿದ.

"ಇರ್ಲಿ," ಎಂದು ಲೋಕಯ್ಯ ಎದ್ದು, ಗಂಟನ್ನು ಹಾಗೆಯೇ ಬಿಟ್ಟು, ಚಹಾಕ್ಕೆ ಒಳಗೆ ಹೋದ.